ಹಳೆಯ ಎಸಿಯ ಗ್ಯಾಸ್ ಎಲ್ಲಿಗೆ ಹೋಯಿತು?

ಸರ್ಕಾರಿ ಕಚೇರಿಯ ಎಸಿಗೆ ನಿವೃತ್ತಿ ಉಂಟು, ಸಾವಿಲ್ಲ. ಹತ್ತು ಹದಿನೈದು ವರ್ಷ ಸಾಹೇಬರ ಕೊಠಡಿಯಲ್ಲಿ ಗುರುಗುಟ್ಟಿದ ಮೇಲೆ ಅದನ್ನು ‘ನಿರುಪಯುಕ್ತ’ ಎಂದು ಕಡತದಲ್ಲಿ ಬರೆಯುತ್ತಾರೆ. ಕೆಲವು ಕಾಲ ಮೆಟ್ಟಿಲ ಕೆಳಗೆ, ಕಾಲು ಮುರಿದ ಕುರ್ಚಿಗಳ ಪಕ್ಕದಲ್ಲಿ ಬಿದ್ದಿರುತ್ತದೆ. ಆಮೇಲೆ ಹರಾಜು. ಗುಜರಿಯವರು ಒಯ್ಯುತ್ತಾರೆ. ಕಂಪ್ರೆಸರ್ ಗಟ್ಟಿಯಾಗಿದ್ದರೆ ರಿಪೇರಿಯಾಗಿ ಯಾವುದೋ ಊರಿನ ಫೈನಾನ್ಸ್ ಆಫೀಸಿನಲ್ಲೋ ಝೆರಾಕ್ಸ್ ಅಂಗಡಿಯಲ್ಲೋ ಮತ್ತೆ ಗುರುಗುಟ್ಟತೊಡಗುತ್ತದೆ. ಗಟ್ಟಿಯಿಲ್ಲದಿದ್ದರೆ ತಾಮ್ರದ ಕೊಳವೆಗೆ ಕತ್ತರಿ ಬೀಳುತ್ತದೆ. ಬುಸ್ ಎಂಬ ಸದ್ದು ಒಂದೆರಡು ನಿಮಿಷ ಬರುತ್ತದೆ, ನಿಲ್ಲುತ್ತದೆ. ತಾಮ್ರ ಒಂದು ಕಡೆ, ಅಲ್ಯೂಮಿನಿಯಂ ಒಂದು ಕಡೆ, ತಗಡು ಒಂದು ಕಡೆ. ಎಲ್ಲಕ್ಕೂ ತೂಕದ ಬೆಲೆ ಸಿಗುತ್ತದೆ. ಆ ಬುಸ್ ಎಂದು ಹೋದದ್ದಕ್ಕೆ ಮಾತ್ರ ಬೆಲೆಯಿಲ್ಲ, ರಸೀದಿಯಿಲ್ಲ, ಲೆಕ್ಕವೂ ಇಲ್ಲ.

ಸಾರ್ವಜನಿಕ ಕಟ್ಟಡಗಳಲ್ಲಿರುವ ಹಳೆಯ ಎಸಿ, ಬಾಯ್ಲರ್, ಗೀಸರ್‌ಗಳನ್ನು ಕಿತ್ತು ಹೊಸವನ್ನು ಹಾಕಿದರೆ ಇಂಗಾಲದ ಹೊರೆ ಇಳಿಯುತ್ತದೆ ಎಂಬ ಮಾತು ಈಗ ಜಗತ್ತಿನ ಎಲ್ಲ ಕಡೆ ಕೇಳಿಬರುತ್ತಿದೆ. ಮಾತು ಸರಿಯಾಗಿಯೇ ಇದೆ. ನನ್ನ ತಕರಾರು ಅದರ ಬೆನ್ನಿಗೇ ಬರುವ ನಂಬಿಕೆಯ ಬಗ್ಗೆ: ಯಂತ್ರ ಬದಲಾಯಿಸಿದರೆ ಸಾಕು, ಮಿಕ್ಕದ್ದೆಲ್ಲ ತಾನಾಗಿ ಆಗುತ್ತದೆ ಎಂಬ ನಂಬಿಕೆ. ನಮ್ಮಲ್ಲಿ ಖರೀದಿ ನಡೆಯುವ ರೀತಿ, ಹಳೆಯದನ್ನು ವಿಲೇವಾರಿ ಮಾಡುವ ರೀತಿ ಮತ್ತು ಕಟ್ಟಡವನ್ನು ನೋಡಿಕೊಳ್ಳುವ ರೀತಿ ಈಗಿನಂತೆಯೇ ಮುಂದುವರಿದರೆ, ಹೊಸ ಯಂತ್ರ ತಂದುಕೊಡುವ ಲಾಭದ ಬಹುಪಾಲು ಸೋರಿಹೋಗುತ್ತದೆ. ಇದಕ್ಕೆ ಲೆಕ್ಕ ಕೊಡಬೇಕು, ಕೊಡುತ್ತೇನೆ.

ಒಂದೂವರೆ ಟನ್ನಿನ ಹಳೆಯ ಎಸಿಯೊಂದನ್ನು ತೆಗೆದುಕೊಳ್ಳೋಣ. ವರ್ಷಕ್ಕೆ 1,600 ಗಂಟೆ ಓಡುತ್ತದೆ ಎಂದಿಟ್ಟುಕೊಳ್ಳಿ. ಇಂಧನ ದಕ್ಷತಾ ಬ್ಯೂರೊ ನಕ್ಷತ್ರದ ಚೀಟಿ ಅಂಟಿಸುವಾಗ ಹಿಡಿಯುವ ಗಂಟೆಗಳೂ ಇಷ್ಟೇ. ಹಳೆಯದು ಇಷ್ಟು ಗಂಟೆಗೆ ಸುಮಾರು 1,400ರಿಂದ 1,500 ಯೂನಿಟ್ ತಿನ್ನುತ್ತದೆ. ಐದು ನಕ್ಷತ್ರದ ಇನ್ವರ್ಟರ್ ಎಸಿ 800 ಯೂನಿಟ್ಟಿನ ಆಸುಪಾಸಿನಲ್ಲಿ ಮುಗಿಸುತ್ತದೆ. ಉಳಿತಾಯ ಆರುನೂರರಿಂದ ಏಳುನೂರು ಯೂನಿಟ್. ದೇಶದ ಗ್ರಿಡ್ಡಿನಲ್ಲಿ ಒಂದು ಯೂನಿಟ್ ವಿದ್ಯುತ್ತಿಗೆ ಸರಾಸರಿ 0.7 ಕಿಲೋಗಿಂತ ತುಸು ಹೆಚ್ಚು ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ಅಂದರೆ ಒಂದು ಎಸಿ ಬದಲಿಸಿದರೆ ವರ್ಷಕ್ಕೆ ಅರ್ಧ ಟನ್ನಿನಷ್ಟು ಕಡಿಮೆ. ಒಳ್ಳೆಯದೇ.

ಈಗ ಆ ಬುಸ್ ಎಂಬ ಸದ್ದಿಗೆ ಬರೋಣ. ಹಳೆಯ ಎಸಿಯೊಳಗೆ ಸುಮಾರು ಒಂದು ಕಿಲೋ ಆರ್-22 ಗ್ಯಾಸ್ ಇರುತ್ತದೆ. ಒಂದು ಕಿಲೋ ಆರ್-22 ಗಾಳಿಗೆ ಸೇರಿದರೆ ನೂರು ವರ್ಷದ ಲೆಕ್ಕದಲ್ಲಿ 1,800 ಕಿಲೋ ಇಂಗಾಲದ ಡೈಆಕ್ಸೈಡಿನಷ್ಟು ಬಿಸಿಯನ್ನು ಹಿಡಿದಿಡುತ್ತದೆ. ಓಜೋನ್ ಪದರಕ್ಕೆ ಮಾಡುವ ಹಾನಿ ಬೇರೆ. ಅದರ ಮುಂದಿನ ತಲೆಮಾರಿನ ಆರ್-410ಎ ಓಜೋನಿಗೆ ತೊಂದರೆ ಕೊಡುವುದಿಲ್ಲ, ಆದರೆ ಬಿಸಿ ಹಿಡಿಯುವುದರಲ್ಲಿ ಅದರ ಅಂಕಿ 2,088. ಕೂಡಿಸಿ ನೋಡಿ. ಹಳೆಯ ಎಸಿಯನ್ನು ಕಿತ್ತ ದಿನ ಗ್ಯಾಸನ್ನು ಗಾಳಿಗೆ ಬಿಟ್ಟರೆ, ಹೊಸ ಎಸಿ ಮೂರೂವರೆ ನಾಲ್ಕು ವರ್ಷ ದುಡಿದು ಉಳಿಸುವುದನ್ನು ಎರಡು ನಿಮಿಷದಲ್ಲಿ ಕಳೆದುಕೊಂಡಂತೆ. ಹಳೆಯದು ಗುಜರಿಯಿಂದ ಇನ್ನೊಂದು ಗೋಡೆಗೆ ಏರಿದರಂತೂ ವಿದ್ಯುತ್ತಿನ ಉಳಿತಾಯವೂ ಕಾಗದದ ಮೇಲಷ್ಟೇ. ಕಚೇರಿಯ ಬಿಲ್ ಇಳಿಯಿತು, ಊರಿನ ಬಿಲ್ ಏರಿತು.

ಹಾಗಾದರೆ ಹಳೆಯದನ್ನೇ ಇಟ್ಟುಕೊಂಡು ಕೂರಬೇಕೇ ಎಂದು ಕೇಳಬಹುದು. ಖಂಡಿತ ಬೇಡ. ಸೋರುವ ಎಸಿಗೆ ಪ್ರತಿ ಬೇಸಿಗೆ ಗ್ಯಾಸ್ ತುಂಬಿಸುತ್ತಾರೆ. ಹಾಗೆ ತುಂಬಿಸಿದ್ದಷ್ಟೂ ಹಿಂದಿನ ವರ್ಷ ಗಾಳಿಗೆ ಹೋದದ್ದೇ. ಬದಲಿಸುವುದೇ ಸರಿ. ಆದರೆ ಬದಲಿಸುವ ಕೆಲಸದಲ್ಲಿ ಗ್ಯಾಸನ್ನು ಹಿಡಿಯುವುದೂ ಸೇರಬೇಕು, ಅದಕ್ಕೆ ಹಣ ಕೊಡಬೇಕು.

ಹಿಡಿಯುವುದು ಕಷ್ಟದ ವಿದ್ಯೆಯೇನಲ್ಲ. ಸ್ಪ್ಲಿಟ್ ಎಸಿ ಓಡುತ್ತಿರುವಾಗಲೇ ಔಟ್‌ಡೋರ್ ಯೂನಿಟ್ಟಿನ ಒಂದು ವಾಲ್ವ್ ಮುಚ್ಚಿ, ಗ್ಯಾಸೆಲ್ಲ ಹೊರಗಿನ ಪೆಟ್ಟಿಗೆಗೆ ಬಂದು ಸೇರಿದ ಮೇಲೆ ಇನ್ನೊಂದನ್ನು ಮುಚ್ಚಿದರೆ ಆಯಿತು. ಮೆಕ್ಯಾನಿಕ್‌ಗಳು ಇದನ್ನು ಪಂಪ್‌ಡೌನ್ ಎನ್ನುತ್ತಾರೆ. ಮನೆ ಬದಲಿಸುವವರ ಎಸಿ ಬಿಚ್ಚುವಾಗ ಇದನ್ನು ಮಾಡಿಯೇ ಮಾಡುತ್ತಾರೆ, ಯಾಕೆಂದರೆ ಹೊಸ ಮನೆಯಲ್ಲಿ ಮತ್ತೆ ಗ್ಯಾಸ್ ತುಂಬಿಸುವ ಖರ್ಚು ಗಿರಾಕಿಗೆ ಬೀಳುತ್ತದೆ. ಗುಜರಿಗೆ ಹೋಗುವ ಎಸಿಗೆ ಅಂಥ ಗಿರಾಕಿ ಇಲ್ಲ. ಕಂಪ್ರೆಸರ್ ಕೆಟ್ಟಿದ್ದರೆ ಗ್ಯಾಸನ್ನು ಸಿಲಿಂಡರಿಗೆ ಎಳೆಯುವ ಯಂತ್ರ ಬೇಕು; ಏಣಿ ಹೆಗಲಿಗೇರಿಸಿಕೊಂಡು ಬೈಕಿನಲ್ಲಿ ಬರುವ ಹುಡುಗನ ಬಳಿ ಅದಿರುವುದಿಲ್ಲ. ಇದ್ದರೂ ಹಿಡಿದ ಗ್ಯಾಸನ್ನು ಕೊಂಡುಕೊಳ್ಳುವವರು ಯಾರು? ಅವನನ್ನು ದೂರಿ ಪ್ರಯೋಜನವಿಲ್ಲ. ಬಿಸಿಲಲ್ಲಿ ಎರಡನೇ ಮಹಡಿಯ ಸಜ್ಜೆಯ ಮೇಲೆ ನಿಂತು, ಹಗ್ಗದ ಆಸರೆಯೂ ಇಲ್ಲದೆ ದುಡಿಯುವವನಿಗೆ ನಾವು ಎಸಿ ಬಿಚ್ಚಿದ್ದಕ್ಕೆ ಕೂಲಿ ಕೊಡುತ್ತೇವೆಯೇ ಹೊರತು ವಾತಾವರಣವನ್ನು ಕಾದದ್ದಕ್ಕಲ್ಲ. 2019ರಲ್ಲಿ ಕೇಂದ್ರ ಸರ್ಕಾರ ಹೊರತಂದ ಭಾರತ ತಂಪು ಕ್ರಿಯಾಯೋಜನೆ ಒಂದು ಲಕ್ಷ ತಂತ್ರಜ್ಞರಿಗೆ ತರಬೇತಿ ಕೊಡಬೇಕೆಂದು ಹೇಳಿತ್ತು. ಬರೀ ತರಬೇತಿಯಿಂದ ಅಭ್ಯಾಸ ಬದಲಾಗುವುದಿಲ್ಲ. ಹಿಡಿದ ಪ್ರತಿ ಕಿಲೋಗೆ ದರ ನಿಗದಿಯಾದರೆ ಬದಲಾಗುತ್ತದೆ.

ಕಾನೂನು ಇಲ್ಲವೆನ್ನುವಂತಿಲ್ಲ. 1987ರ ಮಾಂಟ್ರಿಯಲ್ ಒಪ್ಪಂದದಡಿ ಆರ್-22 ಬಳಕೆಯನ್ನು ನಾವು 2030ರ ಹೊತ್ತಿಗೆ ಹೆಚ್ಚುಕಡಿಮೆ ಮುಗಿಸಬೇಕು. 2016ರಲ್ಲಿ ರುವಾಂಡಾದ ಕಿಗಾಲಿಯಲ್ಲಿ ಆದ ತಿದ್ದುಪಡಿಗೆ ಭಾರತ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ಅದರಂತೆ ಆರ್-410ಎ, ಆರ್-32ರಂಥ ಗ್ಯಾಸುಗಳ ಬಳಕೆ 2028ಕ್ಕೆ ಮೇಲೇರುವುದು ನಿಲ್ಲಬೇಕು, 2032ರಿಂದ ಮೆಟ್ಟಿಲು ಮೆಟ್ಟಿಲಾಗಿ ಇಳಿದು 2047ಕ್ಕೆ ಶೇ 85ರಷ್ಟು ತಗ್ಗಬೇಕು. ಇ-ತ್ಯಾಜ್ಯ ನಿಯಮಗಳಿಗೆ 2023ರಲ್ಲಿ ಮಾಡಿದ ತಿದ್ದುಪಡಿಯಲ್ಲಿ ಎಸಿ, ಫ್ರಿಜ್‌ಗಳ ಗ್ಯಾಸನ್ನು ಸುರಕ್ಷಿತವಾಗಿ ನಿರ್ವಹಿಸುವ ಮಾತೂ ಸೇರಿದೆ. ಆದರೆ ಮಾಂಟ್ರಿಯಲ್, ಕಿಗಾಲಿಯ ಒಪ್ಪಂದಗಳು ಮುಖ್ಯವಾಗಿ ತಯಾರಿಕೆ ಮತ್ತು ಮಾರಾಟವನ್ನು ನಿಯಂತ್ರಿಸುತ್ತವೆ. ಈಗಾಗಲೇ ಗೋಡೆಯ ಮೇಲೆ ಕೂತಿರುವ ಯಂತ್ರಗಳ ಹೊಟ್ಟೆಯೊಳಗಿನದು ಯಾರ ಹೊಣೆ ಎಂಬುದು ಗುಜರಿ ಅಂಗಡಿಯ ಬಾಗಿಲಲ್ಲಿ ತೀರ್ಮಾನವಾಗುತ್ತದೆ.

ಕರ್ನಾಟಕದ ಮಟ್ಟಿಗೆ ಈ ಲೆಕ್ಕಕ್ಕೆ ಇನ್ನೊಂದು ತಿರುವಿದೆ. ನಮ್ಮ ರಾಜ್ಯ ಸೌರ ಮತ್ತು ಪವನ ವಿದ್ಯುತ್ತಿನಲ್ಲಿ ದೇಶದ ಮುಂಚೂಣಿಯಲ್ಲಿದೆ. ಪಾವಗಡದ ಸೌರ ಪಾರ್ಕ್ ಒಂದರದೇ ಸಾಮರ್ಥ್ಯ 2,050 ಮೆಗಾವಾಟ್. ಸರ್ಕಾರಿ ಕಚೇರಿಯ ಎಸಿ ಓಡುವುದು ಹತ್ತರಿಂದ ಐದೂವರೆ, ಅಂದರೆ ಸೂರ್ಯ ದುಡಿಯುವ ಹೊತ್ತಿನಲ್ಲೇ. ಹಾಗಾಗಿ ಹಗಲು ಕಚೇರಿಯಲ್ಲಿ ಉಳಿಸಿದ ಯೂನಿಟ್ಟು ತಗ್ಗಿಸುವ ಇಂಗಾಲ ದೇಶದ ಸರಾಸರಿಗಿಂತ ಕಡಿಮೆಯಾಗುವ ಸಂಭವವೇ ಹೆಚ್ಚು. ಗ್ರಿಡ್ ಶುದ್ಧವಾಗುತ್ತ ಹೋದಷ್ಟೂ ಯಂತ್ರದ ದಕ್ಷತೆಗಿಂತ ಅದರೊಳಗಿನ ಗ್ಯಾಸೇ ದೊಡ್ಡ ಅಪರಾಧಿಯಾಗುತ್ತದೆ. ನಕ್ಷತ್ರ ಎಣಿಸುವುದರಲ್ಲಿ ಮುಳುಗಿರುವ ನಮ್ಮ ಚರ್ಚೆ ಇದನ್ನು ಇನ್ನೂ ಗಮನಿಸಿಲ್ಲ. ರಾತ್ರಿಯಿಡೀ ತಂಪು ಬೇಕಾಗುವ ಆಸ್ಪತ್ರೆಗಳ ಕತೆ ಬೇರೆ. ಅಲ್ಲಿ ದಕ್ಷತೆ, ಗ್ಯಾಸ್ ಎರಡೂ ಅಷ್ಟೇ ಮುಖ್ಯ.

ಇನ್ನು ಖರೀದಿ. ಸರ್ಕಾರಿ ಕಟ್ಟಡದಲ್ಲಿ ಯಂತ್ರ ಕೊಳ್ಳುವ ಹಣ ಒಂದು ಶೀರ್ಷಿಕೆಯದು, ಕರೆಂಟ್ ಬಿಲ್ ಕಟ್ಟುವ ಹಣ ಇನ್ನೊಂದರದು. ಕೊಳ್ಳುವವರು ಎಷ್ಟೋ ಕಡೆ ಲೋಕೋಪಯೋಗಿ ಇಲಾಖೆಯ ವಿದ್ಯುತ್ ವಿಭಾಗದವರು, ಬಿಲ್ ಕಟ್ಟುವವರು ಕಟ್ಟಡದಲ್ಲಿ ಕೂತ ಇಲಾಖೆಯವರು, ವಾರ್ಷಿಕ ನಿರ್ವಹಣೆಯ ಗುತ್ತಿಗೆ ಮೂರನೆಯವರದು. ಐದು ಸಾವಿರ ಹೆಚ್ಚು ಕೊಟ್ಟು ಒಳ್ಳೆಯ ಯಂತ್ರ ಕೊಂಡ ಎಂಜಿನಿಯರಿಗೆ ಆಡಿಟ್ ಆಕ್ಷೇಪಣೆ ಬರುತ್ತದೆ. ಆತ ಉಳಿಸಿಕೊಟ್ಟ ಐವತ್ತು ಸಾವಿರದ ಕರೆಂಟ್ ಬಿಲ್ಲಿಗೆ ಯಾರೂ ಬೆನ್ನು ತಟ್ಟುವುದಿಲ್ಲ, ಯಾಕೆಂದರೆ ಆ ಉಳಿತಾಯ ಅವನ ಪುಸ್ತಕದಲ್ಲಿ ಕಾಣುವುದೇ ಇಲ್ಲ. ಬಿಲ್ ಉಳಿಸಿದ ಇಲಾಖೆಗೂ ಬಹುಮಾನವಿಲ್ಲ. ಖರ್ಚಾಗದ ಅನುದಾನ ವಾಪಸು ಹೋಗುತ್ತದೆ, ಮುಂದಿನ ವರ್ಷ ಅಷ್ಟು ಕಡಿಮೆ ಮಂಜೂರಾಗುತ್ತದೆ. ಇದರ ಮೇಲೆ ಮಾರ್ಚ್ ತಿಂಗಳ ಧಾವಂತ. ಹಣ ಮುಗಿಸಬೇಕಾದ ಹೊತ್ತಿನಲ್ಲಿ ಯಾರೂ ಗೋಡೆಯ ದಿಕ್ಕು ನೋಡುವುದಿಲ್ಲ, ಕೋಣೆಗೆ ಎಷ್ಟು ಟನ್ ಬೇಕೆಂದು ಲೆಕ್ಕ ಹಾಕುವುದಿಲ್ಲ. ಹಿಂದೆ ಒಂದೂವರೆ ಟನ್ ಇತ್ತೇ? ಇನ್ನೊಂದು ಒಂದೂವರೆ ಟನ್, ಇಲ್ಲವೇ ಸೇಫ್ಟಿಗೆ ಎರಡು.

ಪಾರದರ್ಶಕತೆಯ ಕಾನೂನನ್ನು ನಾನು ದೂರುತ್ತಿಲ್ಲ. 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ ಬರುವ ಮುಂಚೆ ಏನು ನಡೆಯುತ್ತಿತ್ತೆಂದು ತಿಳಿದವರು ಯಾರೂ ದೂರಲಾರರು. ಅತಿ ಕಡಿಮೆ ದರ ಕೂಗಿದವರಿಗೆ ಕೆಲಸ ಎಂಬ ಸೂತ್ರ ಲಂಚವನ್ನು ಅಷ್ಟಿಷ್ಟು ತಡೆದಿರಬಹುದು. ಆದರೆ ಹತ್ತು ವರ್ಷ ಕರೆಂಟ್ ತಿನ್ನುವ ಯಂತ್ರದ ದರ ಎಂದರೆ ಅಂಗಡಿಯ ಬೆಲೆ ಮಾತ್ರವೇ? ಹತ್ತು ವರ್ಷದ ಬಿಲ್ಲನ್ನೂ ಸೇರಿಸಿ ‘ಕಡಿಮೆ ದರ’ವನ್ನು ಲೆಕ್ಕ ಹಾಕಿದರೂ ಅದು ಕಡಿಮೆ ದರವೇ, ಇನ್ನೂ ಹೆಚ್ಚು ಪ್ರಾಮಾಣಿಕವಾದ ಕಡಿಮೆ ದರ. ಕೇಂದ್ರ ಸರ್ಕಾರದ 2017ರ ಸಾಮಾನ್ಯ ಹಣಕಾಸು ನಿಯಮಗಳಲ್ಲಿ ಇದರ ಒಂದು ಎಳೆ ಇದೆ: ವರ್ಷಕ್ಕೆ ಸಾವಿರ ಗಂಟೆಗಿಂತ ಹೆಚ್ಚು ಓಡುವ ಕಡೆ ಐದು ನಕ್ಷತ್ರದ ಸ್ಪ್ಲಿಟ್ ಎಸಿ, ಸಭಾಂಗಣದಂಥ ಅಪರೂಪದ ಬಳಕೆಯ ಕಡೆ ಮೂರು ನಕ್ಷತ್ರ ಸಾಕು. ಎಷ್ಟು ಓಡುತ್ತದೆ ಎಂಬುದನ್ನು ಕೇಳಿ ಕೊಳ್ಳುವ ಈ ನಿಯಮ ಬುದ್ಧಿವಂತರು ಬರೆದದ್ದು. ಅದಕ್ಕೆ ಗ್ಯಾಸಿನ ಸಾಲೊಂದು ಸೇರಬೇಕು. ಆರ್-32ರ ಬಿಸಿ ಹಿಡಿಯುವ ಅಂಕಿ 675, ಆರ್-410ಎ ಗ್ಯಾಸಿನ ಮೂರನೇ ಒಂದು ಭಾಗ. ಪ್ರೊಪೇನ್, ಅಂದರೆ ಆರ್-290ರ ಅಂಕಿ ಒಂದಂಕಿಯಲ್ಲೇ ಮುಗಿಯುತ್ತದೆ. ಗೋದ್ರೇಜ್ ಕಂಪನಿ 2012ರಿಂದಲೇ ಈ ಗ್ಯಾಸಿನ ಎಸಿಗಳನ್ನು ಭಾರತದಲ್ಲಿ ಮಾರಿದೆ. ಅದು ಬೆಂಕಿ ಹತ್ತುವ ಗ್ಯಾಸ್, ಹುಷಾರಾಗಿ ಕೂರಿಸಬೇಕು ನಿಜ. ಅಡುಗೆಮನೆಯಲ್ಲಿ ಹದಿನಾಲ್ಕು ಕಿಲೋ ಸಿಲಿಂಡರ್ ಇಟ್ಟುಕೊಂಡವರು ಕೆಲವು ನೂರು ಗ್ರಾಮಿಗೆ ಹೆದರಿ ಕೂರುವುದು ಅತಿಯಾಯಿತು.

ಸರ್ಕಾರ ಒಟ್ಟಾಗಿ ಕೊಂಡರೆ ಏನಾಗುತ್ತದೆ ಎಂಬುದನ್ನು ಎಲ್‌ಇಡಿ ಬಲ್ಬಿನಲ್ಲಿ ನೋಡಿದ್ದೇವೆ. ಕೇಂದ್ರ ಸರ್ಕಾರದ ಇಇಎಸ್‌ಎಲ್ ಸಂಸ್ಥೆ 2014ರಲ್ಲಿ 310 ರೂಪಾಯಿಗೆ ಕೊಂಡ ಬಲ್ಬು ಎರಡು ಮೂರು ವರ್ಷದಲ್ಲೇ 38 ರೂಪಾಯಿಗೆ ಇಳಿಯಿತು. ಅದೇ ಸಂಸ್ಥೆ 2017ರಲ್ಲಿ ಒಂದು ಲಕ್ಷ ದಕ್ಷ ಎಸಿಗಳಿಗೆ ಟೆಂಡರ್ ಕರೆದಿತ್ತು. ಬಲ್ಬಿನಷ್ಟು ಸದ್ದು ಎಸಿ ಮಾಡಲಿಲ್ಲ. ಬಲ್ಬನ್ನು ಯಾರು ಬೇಕಾದರೂ ತಿರುಗಿಸಿ ಹಾಕಬಹುದು, ಹಳೆಯ ಬಲ್ಬನ್ನು ಎಸೆದರೆ ಆಯಿತು. ಎಸಿ ಕಟ್ಟಡದ ಜೊತೆ ಸಂಸಾರ ಮಾಡುವ ವಸ್ತು.

ಹೌದು, ಕಟ್ಟಡ. ಹಳೆಯ ಮೈಸೂರು ಸಂಸ್ಥಾನದ ಕಾಲದ ಕಚೇರಿಗಳನ್ನು ನೋಡಿ. ಎತ್ತರದ ಚಾವಣಿ, ದಪ್ಪ ಗೋಡೆ, ಸುತ್ತ ಜಗಲಿ, ಮೇಲುಗಡೆ ಗಾಳಿಕಿಂಡಿ. ಬಿಸಿಗಾಳಿ ಮೇಲೇರಿ ಕಿಂಡಿಯಿಂದ ಹೊರಹೋಗುತ್ತಿತ್ತು. ಎಸಿ ಬಂದಾಗ ಮೊದಲು ಗಾಳಿಕಿಂಡಿಗೆ ಪ್ಲೈವುಡ್ ಹೊಡೆದರು, ಆಮೇಲೆ ಫಾಲ್ಸ್ ಸೀಲಿಂಗ್ ಇಳಿಸಿದರು, ಜಗಲಿಗೆ ಅಲ್ಯೂಮಿನಿಯಂ ಪಾರ್ಟಿಷನ್ ಹಾಕಿ ಅದನ್ನೂ ಕೋಣೆ ಮಾಡಿದರು, ಆ ಕೋಣೆಗೆ ಇನ್ನೊಂದು ಎಸಿ ಬಂತು. ನೂರು ವರ್ಷ ಎಸಿ ಇಲ್ಲದೆ ನಡೆದ ಕಚೇರಿ ಈಗ ಕರೆಂಟ್ ಹೋದರೆ ಒಂದು ಗಂಟೆಯೂ ಕೂರಲಾಗದ ಜಾಗವಾಗಿದೆ. ಹೊಸ ಕಟ್ಟಡಗಳದು ಇನ್ನೂ ವಿಚಿತ್ರ: ಪಶ್ಚಿಮಕ್ಕೆ ಉದ್ದಕ್ಕೂ ಗಾಜು, ಒಳಗೆ ಬಿಸಿಲು ತಡೆಯಲು ಕಪ್ಪು ಪರದೆ, ಪರದೆಯಿಂದಾಗಿ ಹಗಲಲ್ಲೂ ಲೈಟು, ಲೈಟಿನ ಬಿಸಿಯನ್ನೂ ಸೇರಿಸಿ ತಣಿಸಲು ಎಸಿ. ಇಂಥ ಕಟ್ಟಡದಲ್ಲಿ ಐದು ನಕ್ಷತ್ರದ ಯಂತ್ರ ಹಾಕಿ ಹವಾಮಾನ ಕಾಪಾಡಿದೆವು ಎಂದರೆ ನಗು ಬರುತ್ತದೆ.

ಬೆಂಗಳೂರಿನಲ್ಲೇ ಬೇರೆ ದಾರಿಯ ಮಾದರಿಗಳಿವೆ. ಬಿ.ವಿ. ದೋಶಿ ವಿನ್ಯಾಸ ಮಾಡಿದ ಐಐಎಂನ ಕಲ್ಲಿನ ಮೊಗಸಾಲೆಗಳಲ್ಲಿ ಏಪ್ರಿಲ್ ಮಧ್ಯಾಹ್ನವೂ ನಡೆಯಬಹುದು. ದೊಮ್ಮಲೂರಿನ ಟೆರಿ ಸಂಸ್ಥೆಯ ಕಟ್ಟಡಕ್ಕೆ ದಕ್ಷಿಣದ ಕಡೆ ದುರ್ನಾತದ ಮೋರಿ ಇತ್ತು. ವಾಸ್ತುಶಿಲ್ಪಿ ಸಂಜಯ್ ಮೋಹೆ ಆ ಕಡೆ ಕಿಟಕಿಯಿಲ್ಲದ ಕಪ್ಪು ಗೋಡೆ ಎಬ್ಬಿಸಿದರು. ಬಿಸಿಲಿಗೆ ಕಾದ ಗೋಡೆಯ ಟೊಳ್ಳಿನಲ್ಲಿ ಗಾಳಿ ಮೇಲೇರುತ್ತದೆ, ಉತ್ತರದ ತೋಟದ ಕಡೆಯಿಂದ ತಣ್ಣನೆಯ ಗಾಳಿಯನ್ನು ಕಟ್ಟಡದೊಳಕ್ಕೆ ಎಳೆದುಕೊಳ್ಳುತ್ತದೆ. ಬಿಸಿಲೇ ಫ್ಯಾನ್ ಆಗುವ ಉಪಾಯ. ತಂಪು ಯಂತ್ರ ಬೇಕೇ ಬೇಕು ಎನ್ನುವ ದೊಡ್ಡ ಕಟ್ಟಡಗಳಿಗೂ ದಾರಿಯಿದೆ. ಇನ್ಫೊಸಿಸ್ 2011ರಲ್ಲಿ ತನ್ನ ಹೈದರಾಬಾದ್ ಆವರಣದ ಒಂದು ಕಟ್ಟಡವನ್ನು ಸರಿಯಾಗಿ ಎರಡು ಪಾಲು ಮಾಡಿ, ಒಂದರಲ್ಲಿ ಗಾಳಿ ಊದುವ ಮಾಮೂಲು ವ್ಯವಸ್ಥೆ, ಇನ್ನೊಂದರಲ್ಲಿ ಕಾಂಕ್ರೀಟ್ ಚಪ್ಪಡಿಯೊಳಗಿನ ಕೊಳವೆಗಳಲ್ಲಿ ತಣ್ಣೀರು ಹರಿಸುವ ವ್ಯವಸ್ಥೆ ಹಾಕಿ ಪಕ್ಕಪಕ್ಕದಲ್ಲೇ ಅಳೆಯಿತು. ನೀರಿನದು ಮೂರನೇ ಒಂದರಷ್ಟು ಕಡಿಮೆ ವಿದ್ಯುತ್ ಬಳಸಿತು. ಆ ಫಲಕ್ಕಿಂತ ಅಳೆದ ಕ್ರಮವೇ ನನಗೆ ಹೆಚ್ಚು ಹಿಡಿಸಿದ್ದು. ಸರ್ಕಾರಿ ಕಟ್ಟಡಗಳಲ್ಲಿ ಎಸಿಗಳಿಗೆಂದೇ ಬೇರೆ ಮೀಟರ್ ಇರುವುದು ಅಪರೂಪ. ಅಳತೆಯಿಲ್ಲದ ಕಡೆ ಉಳಿತಾಯದ ಮಾತು ಭಾಷಣವಾಗುತ್ತದೆ.

ಯಂತ್ರಕ್ಕೂ ಮುಂಚೆ ಮಾಡಬಹುದಾದ ಕೆಲಸಗಳಲ್ಲಿ ಚಾವಣಿಯದು ಮೊದಲು. ಅಹಮದಾಬಾದಿನ ಶಾರದಾಬೆನ್ ಆಸ್ಪತ್ರೆಯಲ್ಲಿ ನವಜಾತ ಶಿಶುಗಳ ವಾರ್ಡು ಬಿಸಿಲಿಗೆ ಕಾಯುವ ಚಾವಣಿಯ ಕೆಳಗೇ, ಮೇಲ್ಮಹಡಿಯಲ್ಲಿತ್ತು. 2010ರ ಬಿಸಿಗಾಳಿಯಲ್ಲಿ ಅಲ್ಲಿನ ಕೂಸುಗಳು ಬಿಸಿಯಿಂದ ಬಳಲಿದ್ದನ್ನು ಕಂಡು ವಾರ್ಡನ್ನು ಕೆಳಮಹಡಿಗೆ ಇಳಿಸಿದರು. ಬಿಸಿಯ ಕಾರಣಕ್ಕೆ ದಾಖಲಾಗುವ ಶಿಶುಗಳ ಸಂಖ್ಯೆ ಇಳಿಯಿತೆಂದು ಅಲ್ಲಿನ ವೈದ್ಯರ ಅಧ್ಯಯನ ದಾಖಲಿಸಿದೆ. ಒಂದು ಎಸಿಯೂ ಬದಲಾಗಲಿಲ್ಲ. ವಾರ್ಡಿನ ಜಾಗ ಬದಲಾಯಿತು. ತೆಲಂಗಾಣ 2023ರಲ್ಲಿ ತಂಪು ಚಾವಣಿ ನೀತಿಯನ್ನೇ ತಂದು ಸರ್ಕಾರಿ ಕಟ್ಟಡಗಳಿಗೆ ಬಿಸಿಲನ್ನು ಹಿಂದಕ್ಕೆ ಹಾಯಿಸುವ ಬಿಳಿಯ ಚಾವಣಿಯನ್ನು ಕಡ್ಡಾಯ ಮಾಡಿತು. ರಾಯಚೂರು, ಕಲಬುರಗಿಗಳ ಬಿಸಿಲು ತೆಲಂಗಾಣದ ಗಡಿಯಲ್ಲಿ ನಿಂತುಬಿಡುವುದಿಲ್ಲ. ನಮಗೂ ಅದು ಬೇಕು.

ಆ ಭಾಗದಲ್ಲಿ ನಮ್ಮದೇ ಒಂದು ವ್ಯವಸ್ಥೆ ವರ್ಷಗಳಿಂದ ನಡೆದುಬಂದಿದೆ. ಅದನ್ನು ಯಾರೂ ಹವಾಮಾನ ನೀತಿ ಎಂದು ಕರೆದಿಲ್ಲ. ಬೇಸಿಗೆಯ ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತವೆ. ಇಡೀ ಕಚೇರಿಯನ್ನು ದಿನದ ಅತಿ ಬಿಸಿ ಹೊತ್ತಿನಿಂದ ಪಾರು ಮಾಡುವ ಈ ಉಪಾಯಕ್ಕೆ ಆದೇಶದ ಒಂದು ಹಾಳೆಯಷ್ಟೇ ಖರ್ಚು. ಇದರ ಪಕ್ಕದಲ್ಲಿ ಚಾವಣಿಗೆ ಸುಣ್ಣ, ಹಳೆಯ 75 ವಾಟಿನ ಫ್ಯಾನಿನ ಬದಲು 30 ವಾಟಿನ ಫ್ಯಾನ್, ಎಸಿಯ ಗುಂಡಿ 24 ಡಿಗ್ರಿಗಿಂತ ಕೆಳಗಿಳಿಯದಂತೆ ಕಟ್ಟುಪಾಡು ಸೇರಲಿ. ಒಂದು ಡಿಗ್ರಿ ಏರಿಸಿದರೆ ಶೇ 6ರಷ್ಟು ವಿದ್ಯುತ್ ಉಳಿಯುತ್ತದೆಂದು ಇಂಧನ ದಕ್ಷತಾ ಬ್ಯೂರೊ ಹೇಳುತ್ತದೆ. 2020ರ ಜನವರಿಯಿಂದ ಹೊಸ ಎಸಿಗಳೆಲ್ಲ 24ರಲ್ಲೇ ಶುರುವಾಗಬೇಕೆಂಬ ನಿಯಮವಿದೆ. ಕೋಟು ತೊಟ್ಟು 18ರಲ್ಲಿ ಕೂರುವ ಅಧಿಕಾರಿಗಳಿಗೆ ಆ ನಿಯಮ ತಾಗಿದಂತೆ ಕಾಣುವುದಿಲ್ಲ.

ಇಲ್ಲಿ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಸಾರ್ವಜನಿಕ ಕಟ್ಟಡವೆಂದು ಕರೆಯುವ ಜಾಗದಲ್ಲಿ ತಂಪು ಸಾರ್ವಜನಿಕರಿಗೆ ಸಿಗುತ್ತಿಲ್ಲ. ಎಸಿ ದರ್ಜೆಯನ್ನು ನೋಡಿಕೊಂಡು ಬರುತ್ತದೆ. ಸಾಹೇಬರ ಕೊಠಡಿಗೆ ಎರಡು, ಪಕ್ಕದ ಆಪ್ತಸಹಾಯಕರಿಗೆ ಒಂದು, ಗುಮಾಸ್ತರ ಹಾಲಿಗೆ ಫ್ಯಾನು, ಪಹಣಿಗೋ ಪಿಂಚಣಿಗೋ ಸಾಲು ನಿಂತ ಮುದುಕಿಗೆ ಜಗಲಿಯ ಬಿಸಿಲು. ಮೇಲೆ ಆ ಎಸಿಗಳ ಔಟ್‌ಡೋರ್ ಪೆಟ್ಟಿಗೆಗಳು ಉಗುಳುವ ಬಿಸಿಗಾಳಿಯೂ ಅವಳ ಮುಖಕ್ಕೇ. ಸಾಹೇಬರು ಟೂರಿಗೆ ಹೋದ ದಿನವೂ ಕೊಠಡಿಯನ್ನು ತಣ್ಣಗಿಟ್ಟಿರುವುದುಂಟು. ಹಳೆಯದನ್ನು ಬದಲಿಸುವ ಯೋಜನೆ ಇದ್ದಲ್ಲಿ ಇದ್ದಷ್ಟನ್ನು ಹೊಸದಾಗಿಸುವುದಾದರೆ ಈ ತಾರತಮ್ಯವನ್ನು ಇನ್ನು ಹದಿನೈದು ವರ್ಷಕ್ಕೆ ನವೀಕರಿಸಿದಂತಾಗುತ್ತದೆ. ಎಷ್ಟು ಜನ, ಎಷ್ಟು ಹೊತ್ತು, ಎಷ್ಟು ಬಿಸಿಯಲ್ಲಿ ಕೂರುತ್ತಾರೆ ಎಂಬುದರಿಂದ ಲೆಕ್ಕ ಶುರುವಾದರೆ ಹೆರಿಗೆ ವಾರ್ಡು, ಜನರಲ್ ವಾರ್ಡು, ಸರ್ಕಾರಿ ಶಾಲೆಯ ತಗಡಿನ ಕೋಣೆಗಳು ಮೊದಲ ಸಾಲಿಗೆ ಬರುತ್ತವೆ, ಸಾಹೇಬರ ಕೊಠಡಿಗಳು ಹಿಂದಕ್ಕೆ ಸರಿಯುತ್ತವೆ. ಇದರಿಂದ ಎಸಿಗಳ ಸಂಖ್ಯೆ ಹೆಚ್ಚಾದೀತು ಎನ್ನುವವರಿದ್ದಾರೆ. ಆಗಲಿ. ಭಾರತದಲ್ಲಿ ತಂಪಿನ ಬೇಡಿಕೆ 2017ರಿಂದ ಇಪ್ಪತ್ತು ವರ್ಷದಲ್ಲಿ ಸುಮಾರು ಎಂಟು ಪಟ್ಟಾಗುತ್ತದೆಂದು ಕೇಂದ್ರದ ಕ್ರಿಯಾಯೋಜನೆಯೇ ಅಂದಾಜು ಮಾಡಿದೆ. ಆ ಏರಿಕೆಯಲ್ಲಿ ಬಾಣಂತಿಯರ ಪಾಲು ಇರುವುದು ನ್ಯಾಯ.

ಬ್ರಿಟನ್ನಿನ ಅನುಭವ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಲ್ಲಿ ಸಮಸ್ಯೆ ಚಳಿಯದು. ಶಾಲೆ, ಆಸ್ಪತ್ರೆ, ಪುರಸಭೆಯ ಈಜುಕೊಳ ಎಲ್ಲ ಕಡೆ ಬಿಸಿನೀರು ಹರಿಸಿ ಕೋಣೆ ಬೆಚ್ಚಗಿಡುವುದು ಅನಿಲದ ಬಾಯ್ಲರ್. 2020ರಲ್ಲಿ ಸರ್ಕಾರ ನೂರು ಕೋಟಿ ಪೌಂಡ್ ಇಟ್ಟು, ಇಂಥ ಮುದಿ ಬಾಯ್ಲರುಗಳ ಜಾಗದಲ್ಲಿ ಹೀಟ್ ಪಂಪ್ ಕೂರಿಸಲು ಅನುದಾನ ಕೊಡತೊಡಗಿತು; ಆಮೇಲೆ ಇನ್ನೂ ಹೆಚ್ಚು ಸೇರಿಸಿತು. 2017ಕ್ಕೆ ಹೋಲಿಸಿದರೆ ಸಾರ್ವಜನಿಕ ಕಟ್ಟಡಗಳ ಹೊರಸೂಸುವಿಕೆ 2037ಕ್ಕೆ ಶೇ 75ರಷ್ಟು ಇಳಿಯಬೇಕೆಂಬುದು ಗುರಿ. ಹೀಟ್ ಪಂಪ್ ಎಂದರೆ ತಿರುಗುಮುರುಗಾದ ಎಸಿ. ಹೊರಗಿನ ಗಾಳಿಯಲ್ಲಿರುವ ಬಿಸಿಯನ್ನು ಒಳಗೆ ಎಳೆದು ತರುತ್ತದೆ, ಒಂದು ಯೂನಿಟ್ ವಿದ್ಯುತ್ತಿಗೆ ಮೂರರಷ್ಟು ಬಿಸಿ ಕೊಡುತ್ತದೆ. ಆ ದೇಶ ತನ್ನ ಕಡೆಯ ಕಲ್ಲಿದ್ದಲು ಸ್ಥಾವರವನ್ನು 2024ರ ಸೆಪ್ಟೆಂಬರಿನಲ್ಲಿ ಮುಚ್ಚಿದೆ, ಹಾಗಾಗಿ ವಿದ್ಯುತ್ತಿಗೆ ಬದಲಾದ ಪ್ರತಿ ಬಾಯ್ಲರೂ ಇಂಗಾಲವನ್ನು ನಿಜಕ್ಕೂ ತಗ್ಗಿಸುತ್ತದೆ.

ಅಲ್ಲಿ ಎಡವಿದ್ದು ಬೇರೆ ಕಡೆ. ಬಾಯ್ಲರ್ 70–80 ಡಿಗ್ರಿಯ ನೀರು ಕೊಡುತ್ತಿತ್ತು, ಹೀಟ್ ಪಂಪಿಗೆ 50ರ ಆಸುಪಾಸು ಹಿತ. ಹಾಗಾಗಿ ಗೋಡೆಯ ರೇಡಿಯೇಟರುಗಳು ದೊಡ್ಡವಾಗಬೇಕು, ಕಿಟಕಿಗಳ ಸಂದು ಮುಚ್ಚಬೇಕು, ಚಾವಣಿಗೆ ಶಾಖ ತಡೆಯುವ ಪದರ ಬೇಕು. ಬಾಯ್ಲರ್ ಬದಲಿಸಲು ಹೊರಟವರು ಕಟ್ಟಡವನ್ನೇ ದುರಸ್ತಿ ಮಾಡಬೇಕಾಯಿತು. ಮೊದಲ ಹಂತದ ಹಣವನ್ನು ಕೆಲವೇ ತಿಂಗಳಲ್ಲಿ ಮುಗಿಸಬೇಕೆಂಬ ಗಡುವು ಬೇರೆ ಇತ್ತು. ಅದನ್ನು ಮುಂದಕ್ಕೆ ಹಾಕಬೇಕಾಯಿತು. ಮಾರ್ಚ್ ತಿಂಗಳ ರೋಗ ನಮಗಷ್ಟೇ ಇಲ್ಲ! ಇನ್ನೊಂದು ತೊಡಕು, ಅಲ್ಲಿ ವಿದ್ಯುತ್ ದರ ಅನಿಲದ ದರದ ಸುಮಾರು ನಾಲ್ಕು ಪಟ್ಟಿತ್ತು. ಇಂಗಾಲ ಇಳಿದರೂ ಶಾಲೆಯ ಬಿಲ್ ಇಳಿಯಲಿಲ್ಲ, ಕೆಲವು ಕಡೆ ಏರುವ ಸ್ಥಿತಿ. ಬಿಲ್ ಇಳಿಸದ ಯೋಜನೆಗೆ ಖಜಾನೆಯಲ್ಲಿ ಗೆಳೆಯರು ಕಡಿಮೆ. 2028ರ ನಂತರ ಈ ಯೋಜನೆಯನ್ನು ಮುಂದುವರಿಸುವುದಿಲ್ಲವೆಂದು ಸರ್ಕಾರ 2025ರಲ್ಲಿ ಹೇಳಿಬಿಟ್ಟಿತು. ನಮ್ಮದು ಇದಕ್ಕೆ ತದ್ವಿರುದ್ಧ. ಇಲ್ಲಿ ಹಳೆಯ ಎಸಿ ಬದಲಿಸಿದ ತಿಂಗಳಿಂದಲೇ ಬಿಲ್ ಇಳಿಯುತ್ತದೆ. ಅನುದಾನಕ್ಕೆ ಕೈಚಾಚದೆಯೇ ಉಳಿದ ಹಣದಿಂದ ಮುಂದಿನ ಕಟ್ಟಡ ಸರಿಮಾಡುವ ಆವರ್ತ ನಿಧಿ ಕಟ್ಟಬಹುದು, ಉಳಿಸಿದ್ದರಲ್ಲಿ ಅರ್ಧವನ್ನು ಆ ಕಚೇರಿಗೇ ಬಿಟ್ಟುಕೊಟ್ಟರೆ. ಹಣಕಾಸು ಇಲಾಖೆ ಇಷ್ಟಕ್ಕೆ ಒಪ್ಪಬೇಕು.

ಬಿಸಿನೀರಿನ ಮಾತು ಬಂತು. ಕರ್ನಾಟಕದಲ್ಲಿ ಕೋಣೆ ಕಾಯಿಸುವ ಅಗತ್ಯವಿಲ್ಲ, ನೀರು ಕಾಯಿಸುವ ಅಗತ್ಯ ಬೇಕಾದಷ್ಟಿದೆ: ಹಾಸ್ಟೆಲು, ಆಸ್ಪತ್ರೆ, ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ. ಮನೆಗಳ ತಾರಸಿಯ ಮೇಲೆ ಸೋಲಾರ್ ಹೀಟರ್ ಕಡ್ಡಾಯ ಮಾಡಿಸಿ ಹೆಸರಾದ ಊರು ಬೆಂಗಳೂರು. ಅದೇ ಊರಿನಲ್ಲಿ ಗೀಸರ್ ನಂಬಿದ ಸರ್ಕಾರಿ ಹಾಸ್ಟೆಲುಗಳಿವೆ. ದೊಡ್ಡ ಆಸ್ಪತ್ರೆಗಳಲ್ಲಿ ಇದಕ್ಕಿಂತ ಸೋಜಿಗದ ದೃಶ್ಯ ಕಾಣಬಹುದು: ಚಿಲ್ಲರ್ ಆಪರೇಷನ್ ಥಿಯೇಟರಿನ ಬಿಸಿಯನ್ನೆಲ್ಲ ಎಳೆದು ಕೂಲಿಂಗ್ ಟವರಿನಿಂದ ಆಕಾಶಕ್ಕೆ ಬಿಡುತ್ತಿರುತ್ತದೆ, ಅದರ ಪಕ್ಕದ ಶೆಡ್ಡಿನಲ್ಲಿ ಡೀಸೆಲ್ ಸುಟ್ಟು ನೀರು ಕಾಯಿಸುತ್ತಿರುತ್ತಾರೆ. ಚಿಲ್ಲರಿನ ಬಿಸಿಯನ್ನು ನೀರಿಗೆ ದಾಟಿಸುವ ಸಲಕರಣೆ ಹೊಸದಲ್ಲ, ದುಬಾರಿಯೂ ಅಲ್ಲ. ತಂಪು ಒಬ್ಬರ ಕಡತ, ಬಿಸಿ ಇನ್ನೊಬ್ಬರ ಕಡತ ಆಗಿರುವುದರಿಂದ ಎರಡೂ ಸೇರುವುದಿಲ್ಲ. ಹಳೆಯ ಚಿಲ್ಲರ್ ಬದಲಿಸುವ ಹೊತ್ತು ಈ ಎರಡು ಕಡತಗಳನ್ನು ಒಂದೇ ಮೇಜಿಗೆ ತರುವ ಒಳ್ಳೆಯ ಸಂದರ್ಭ. ಅದು ತಪ್ಪಿದರೆ ಇನ್ನು ಇಪ್ಪತ್ತು ವರ್ಷ ಕಾಯಬೇಕು.

ಕೈಗಾರಿಕೆ, ವಾಹನಗಳ ಮುಂದೆ ಸರ್ಕಾರಿ ಕಚೇರಿಗಳ ಹೊಗೆ ಎಷ್ಟು ಮಹಾ ಎಂದು ಕೆಲವರು ಕೇಳುತ್ತಾರೆ. ಪಾಲು ಸಣ್ಣದೇ ಇರಬಹುದು. ಆದರೆ ಗ್ಯಾಸನ್ನು ಹಿಡಿದು ಮರುಬಳಕೆಗೆ ಕಳಿಸುವ ವ್ಯವಹಾರ ಊರಿನಲ್ಲಿ ಹುಟ್ಟಬೇಕಾದರೆ ಖಾತ್ರಿಯಾಗಿ ಕೆಲಸ ಕೊಡುವ ಮೊದಲ ಗಿರಾಕಿ ಬೇಕು. ಮನೆಯವರು ಒಂದೊಂದು ಎಸಿ ತರುತ್ತಾರೆ. ಸರ್ಕಾರ ಒಂದೇ ಆದೇಶದಲ್ಲಿ ಸಾವಿರಾರು ತರಬಲ್ಲದು. ಎಲ್‌ಇಡಿ ದರ ಇಳಿದದ್ದು ಹೀಗೆಯೇ. ವಿಲೇವಾರಿ ಟೆಂಡರಿನಲ್ಲಿ ಎರಡು ಷರತ್ತು ಸೇರಿದರೆ ಶುರುವಿಗೆ ಸಾಕು: ಗ್ಯಾಸನ್ನು ಹಿಡಿದು ತೂಕ ಮಾಡಿದ ರಸೀದಿ ಇಲ್ಲದೆ ಹಳೆಯ ಎಸಿ ಗೇಟು ದಾಟಬಾರದು, ಕಂಪ್ರೆಸರನ್ನು ಮತ್ತೆ ಓಡದಂತೆ ಕೆಡಿಸಿಯೇ ಗುಜರಿಗೆ ಕೊಡಬೇಕು. ಹರಾಜಿನಲ್ಲಿ ಒಂದಿಷ್ಟು ರೂಪಾಯಿ ಕಡಿಮೆ ಬರುತ್ತದೆ, ಬರಲಿ. ಓದುಗರಲ್ಲಿ ಮಾಹಿತಿ ಹಕ್ಕಿನ ಅರ್ಜಿ ಹಾಕುವ ಅಭ್ಯಾಸವಿದ್ದವರು ತಮ್ಮ ಜಿಲ್ಲಾಡಳಿತ ಭವನಕ್ಕೊಂದು ಅರ್ಜಿ ಹಾಕಿ ನೋಡಬಹುದು: ಕಳೆದ ಐದು ವರ್ಷದಲ್ಲಿ ಎಷ್ಟು ಎಸಿ ವಿಲೇವಾರಿಯಾದವು, ಎಷ್ಟು ಕಿಲೋ ಗ್ಯಾಸ್ ವಾಪಸು ಪಡೆದಿರಿ? ಎರಡನೆಯ ಪ್ರಶ್ನೆಗೆ ಅಂಕಿ ಬಂದರೆ ಸಂತೋಷ. ‘ಮಾಹಿತಿ ಲಭ್ಯವಿಲ್ಲ’ ಎಂದು ಬಂದರೆ ಅದೂ ಒಂದು ದಾಖಲೆ, ಅದನ್ನು ಹಿಡಿದು ಮುಂದಿನ ಅರ್ಜಿ ಬರೆಯಬಹುದು.

ತಡ ಮಾಡುವಷ್ಟು ಸಮಯವಿಲ್ಲ. ಕಿಗಾಲಿಯ ಮಾತಿನಂತೆ ಭಾರತದಲ್ಲಿ ಆರ್-410ಎ, ಆರ್-32ರಂಥ ಗ್ಯಾಸುಗಳ ಬಳಕೆ 2037ಕ್ಕೆ ಶೇ 20ರಷ್ಟು ಇಳಿದಿರಬೇಕು. ಮುಂದಿನ ಮಾರ್ಚಿನಲ್ಲಿ ಕಚೇರಿಗಳು ಧಾವಂತದಿಂದ ಕೊಳ್ಳಲಿರುವ ಎಸಿಗಳಲ್ಲಿ ಎಷ್ಟೋ 2037ರಲ್ಲೂ ಗೋಡೆಯ ಮೇಲೆಯೇ ಇರುತ್ತವೆ.